ಲ್ಯಾಪ್‌ಟಾಪ್ ಅಂಗಡಿಗೆ ಹೋಗುವ ಮೊದಲು ಗಂಜ್ ಮಾರುಕಟ್ಟೆಗೆ ಹೋಗಿ ಬನ್ನಿ

ನನ್ನ ಮೇಜಿನ ಮೇಲೆ ಮೂರು ಯಂತ್ರಗಳಿವೆ: ದಿನವಿಡೀ ಕೆಲಸ ಮಾಡುವ ವಿಂಡೋಸ್ ಲ್ಯಾಪ್‌ಟಾಪ್, ಲಿನಕ್ಸ್ ಹಾಕಿದ ಹಳೆಯ ಡೆಸ್ಕ್‌ಟಾಪ್, ಗಾಜು ಬಿರುಕು ಬಿಟ್ಟ 2 ಜಿಬಿ ರ‍್ಯಾಮ್‌ನ ಆಂಡ್ರಾಯ್ಡ್ ಫೋನು. ಕಲಬುರಗಿಯ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಡತ್ ಅಂಗಡಿಗಳಿಗೆ, ತೊಗರಿಬೇಳೆ ಮಿಲ್ಲುಗಳಿಗೆ ಲೆಕ್ಕದ ತಂತ್ರಾಂಶ ಬರೆದುಕೊಡುವುದು ನನ್ನ ಕಸುಬು. ಮೂರರಲ್ಲಿ ಯಾವುದು ಕಳೆದುಹೋದರೆ ನಿಮಗೆ ಹೆಚ್ಚು ಕಷ್ಟ ಎಂದು ಕೇಳಿದರೆ ನಾನು ತೋರಿಸುವುದು ಆ ಒಡಕು ಫೋನನ್ನು.

ಕಾಲೇಜುಗಳಲ್ಲಿ ಪ್ರವೇಶ ಶುರುವಾಗುವ ದಿನಗಳಲ್ಲಿ ತಂದೆ-ಮಕ್ಕಳು ಜೋಡಿಯಾಗಿ ಬರುತ್ತಾರೆ. 'ಸರ್, ಇವನಿಗೆ ಸಾಫ್ಟ್‌ವೇರ್ ಕಲಿಯಲು ಯಾವ ಲ್ಯಾಪ್‌ಟಾಪ್ ಒಳ್ಳೆಯದು?' ನಾನು ಹುಡುಗನ ಕಡೆ ತಿರುಗಿ ಕೇಳುತ್ತೇನೆ: 'ನೀನು ಬರೆದದ್ದು ಯಾರ ಯಂತ್ರದಲ್ಲಿ ಓಡಬೇಕು, ತಮ್ಮಾ?' ಹೆಚ್ಚಿನವರು ಸುಮ್ಮನೆ ನೋಡುತ್ತಾರೆ. ಆದರೆ ಆಯ್ಕೆ ಶುರುವಾಗುವುದು ಆ ತುದಿಯಿಂದಲೇ. ಮೊದಲು ಬಳಸುವವರ ಯಂತ್ರ, ಆಮೇಲೆ ಅದಕ್ಕೆ ಹೊಂದುವ ಉಪಕರಣ, ಕೊನೆಗೆ ಆ ಉಪಕರಣವನ್ನು ಹೊರಬಲ್ಲ ಲ್ಯಾಪ್‌ಟಾಪ್. ನಾನು ಇದನ್ನು ಕಲಿತದ್ದು ಗಂಜಿನ ಒಂದು ಅಂಗಡಿಯಲ್ಲಿ, ಮಾನ ಕಳೆದುಕೊಂಡು.

ರೈತರಿಗೆ ತೂಕದ ಪಟ್ಟಿಯನ್ನು ಕನ್ನಡದಲ್ಲಿ ಕೊಡುವ ಪ್ರೋಗ್ರಾಮ್ ಅದು. ನನ್ನ ಪರದೆಯ ಮೇಲೆ ಎಲ್ಲವೂ ಮುತ್ತಿನಂತೆ ಕಾಣುತ್ತಿತ್ತು. ಅಂಗಡಿಯ ಸಣ್ಣ ಥರ್ಮಲ್ ಪ್ರಿಂಟರಿಗೆ ಕಳುಹಿಸಿದಾಗ ತೂಕ ಬಂತು, ದರ ಬಂತು, ಹೆಸರಿನ ಜಾಗದಲ್ಲಿ ಮಾತ್ರ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. ಹಿರಿಯ ರೈತರೊಬ್ಬರು ಚೀಟಿಯನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿ, 'ತೊಗರಿ ನನ್ನದೇ, ಹೆಸರು ಮಾತ್ರ ಯಾರದೂ ಅಲ್ಲವಲ್ಲ!' ಎಂದರು. ಹಮಾಲರೆಲ್ಲ ನಕ್ಕರು.

ಕಾರಣ ಸರಳ. ಇಂಥ ಪ್ರಿಂಟರುಗಳ ಒಳಗೆ ಇಂಗ್ಲಿಷ್ ಅಕ್ಷರಗಳನ್ನು ಮೊದಲೇ ಕೂರಿಸಿರುತ್ತಾರೆ, ಕನ್ನಡವನ್ನು ಸಾಮಾನ್ಯವಾಗಿ ಕೂರಿಸಿರುವುದಿಲ್ಲ. ಇನ್ನು ಒತ್ತಕ್ಷರ ಜೋಡಿಸುವ ಬುದ್ಧಿ ಅವಕ್ಕೆ ಎಲ್ಲಿಂದ ಬರಬೇಕು? ಹಾಗಾಗಿ ಕನ್ನಡದ ಸಾಲನ್ನು ಕಂಪ್ಯೂಟರಿನಲ್ಲೋ ಫೋನಿನಲ್ಲೋ ಚಿತ್ರವಾಗಿ ಬರೆದು, ಆ ಚಿತ್ರವನ್ನೇ ಪ್ರಿಂಟರಿಗೆ ಕಳುಹಿಸಬೇಕು. 58 ಮಿಲಿಮೀಟರ್ ಕಾಗದದ ಪ್ರಿಂಟರಿಗೆ ಚಿತ್ರದ ಅಗಲ ಸಾಮಾನ್ಯವಾಗಿ 384 ಚುಕ್ಕೆ, 80 ಮಿಲಿಮೀಟರಿನದಕ್ಕೆ 576 ಚುಕ್ಕೆ. ವಿಂಡೋಸ್‌ನಲ್ಲಿ ಪ್ರಿಂಟರಿನ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಹಾಕಿಕೊಂಡರೆ ಈ ಕೆಲಸವನ್ನು ಅದೇ ಮಾಡಿಕೊಡುತ್ತದೆ. ಫೋನಿನಿಂದ ಬ್ಲೂಟೂತ್ ಮೂಲಕ ಮುದ್ರಿಸುವುದಾದರೆ ಸಾಮಾನ್ಯವಾಗಿ ಚಿತ್ರ ಬರೆಯುವ ಭಾಗವನ್ನು ನೀವೇ ಬರೆಯಬೇಕಾಗುತ್ತದೆ. ಅಂದಿನಿಂದ ಯಾವ ಹೊಸ ಉಪಕರಣವನ್ನಾದರೂ ಒಪ್ಪುವ ಮೊದಲು ಅದಕ್ಕೆ 'ಮಲ್ಲಿಕಾರ್ಜುನ' ಎಂದು ಬರೆಯಲು ಹೇಳುತ್ತೇನೆ. ಲಕಾರದ ಒತ್ತು, ಅರ್ಕಾವತ್ತು ಎರಡೂ ಆ ಒಂದೇ ಹೆಸರಿನಲ್ಲಿವೆ. ಪಿಡಿಎಫ್ ಮಾಡುವ ಎಷ್ಟೋ ಲೈಬ್ರರಿಗಳು (ಸಿದ್ಧ ಕೋಡಿನ ಕಟ್ಟುಗಳು) ಇಲ್ಲಿಯೇ ಮುಗ್ಗರಿಸುತ್ತವೆ. ಜೊತೆಗೆ ಅಕ್ಷರಶೈಲಿಯನ್ನು ಪ್ರೋಗ್ರಾಮಿನೊಳಗೇ ಕಟ್ಟಿಕೊಡಿ. ವಿಂಡೋಸ್‌ನ ತುಂಗಾ ಅಕ್ಷರಶೈಲಿ ಲಿನಕ್ಸ್‌ನಲ್ಲಿ ಸಿಗುವುದಿಲ್ಲ. ನೋಟೋ ಸಾನ್ಸ್ ಕನ್ನಡ ಉಚಿತ, ಎಲ್ಲ ಕಡೆಯೂ ನಡೆಯುತ್ತದೆ.

ಎರಡನೆಯ ಪಾಠ ತೂಕದ ಕಾಟಾದ್ದು. ಎಲೆಕ್ಟ್ರಾನಿಕ್ ಕಾಟಾಗಳಲ್ಲಿ ಬಹುಪಾಲು ಇನ್ನೂ ಹಳೆಯ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲಿನಲ್ಲಿಯೇ ಮಾತಾಡುತ್ತವೆ. ಇಂದಿನ ಲ್ಯಾಪ್‌ಟಾಪಿನಲ್ಲಿ ಆ ಕಿಂಡಿ (ಪೋರ್ಟ್) ಇಲ್ಲ, ಯುಎಸ್‌ಬಿ ಪರಿವರ್ತಕ ಬೇಕು. ಅದೇ ಪರಿವರ್ತಕಕ್ಕೆ ವಿಂಡೋಸ್ 'ಕಾಮ್ 3' ಎಂಬಂತೆ ಸಂಖ್ಯೆ ಕೊಡುತ್ತದೆ, ಬೇರೆ ಕಿಂಡಿಗೆ ಚುಚ್ಚಿದರೆ ಸಂಖ್ಯೆಯೂ ಬದಲಾಗಬಹುದು. ಲಿನಕ್ಸ್ ಅದನ್ನು ಒಂದು ಕಡತದ ಹಾಗೆ ತೋರಿಸುತ್ತದೆ. ಉಬುಂಟು, ಡೆಬಿಯನ್ ಎಂಬ ಲಿನಕ್ಸ್ ಬಗೆಗಳಲ್ಲಿ ಬಳಕೆದಾರರನ್ನು 'ಡಯಲ್‌ಔಟ್' ಗುಂಪಿಗೆ ಸೇರಿಸದಿದ್ದರೆ ಅನುಮತಿ ಇಲ್ಲ ಎಂದು ಬಾಗಿಲಲ್ಲೇ ತಡೆಯುತ್ತದೆ. ಇದನ್ನು ಅರಿಯದೆ ಒಂದು ಇಡೀ ಮಧ್ಯಾಹ್ನ ಕೇಬಲ್ ಬದಲಿಸುತ್ತ ಕುಳಿತವನು ನಾನು. ಆದ್ದರಿಂದ ಪೋರ್ಟಿನ ಹೆಸರು, ವೇಗ ಇವೆರಡನ್ನೂ ಕೋಡಿನಲ್ಲಿ ಹೂತಿಡಬೇಡಿ. ಸೆಟ್ಟಿಂಗ್ಸ್ ಪುಟದಲ್ಲಿ ಇಡಿ. ಒಂದು ಕಾಟಾ 9600ರ ವೇಗದಲ್ಲಿ ಮಾತಾಡಿದರೆ ಮುಂದಿನ ಅಂಗಡಿಯದು 2400ರಲ್ಲಿ ಮಾತಾಡುತ್ತದೆ.

ಇದೇ ಕಾರಣಕ್ಕೆ, ಅಂಗಡಿಯಲ್ಲಿ ಆರ್ಮ್ ಎಂಬ ಬೇರೆ ಬಗೆಯ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್ ತೋರಿಸಿ 'ಬ್ಯಾಟರಿ ದಿನವಿಡೀ ಬರುತ್ತದೆ' ಎಂದಾಗ ಒಂದು ಕ್ಷಣ ನಿಲ್ಲಿ. ಮಾತು ಸುಳ್ಳಲ್ಲ. ಇಂಟೆಲ್ ಚಿಪ್ಪಿಗೆಂದು ಬರೆದ ಸಾಮಾನ್ಯ ಪ್ರೋಗ್ರಾಮುಗಳಲ್ಲಿ ಹೆಚ್ಚಿನವನ್ನು ಅದು ಅನುವಾದಿಸಿಕೊಂಡು ಓಡಿಸುತ್ತದೆ. ಆದರೆ ಡ್ರೈವರುಗಳ ವಿಷಯದಲ್ಲಿ ಆ ಉಪಾಯ ನಡೆಯುವುದಿಲ್ಲ. ಆರ್ಮ್‌ಗೆಂದೇ ಬರೆದ ಡ್ರೈವರ್ ಬೇಕು. ನಿಮ್ಮ ಕೆಲಸ ಬ್ರೌಸರಿನಲ್ಲಿಯೇ ಮುಗಿಯುವುದಾದರೆ ಧಾರಾಳವಾಗಿ ಕೊಳ್ಳಿ. ಕಾಟಾ, ಪ್ರಿಂಟರ್, ಡಾಂಗಲ್ ಜೋಡಿಸುವವರಾದರೆ ಇಂಟೆಲ್ ಅಥವಾ ಎಎಮ್‌ಡಿ ಸಾಕು.

ಮ್ಯಾಕ್ ಬೇಕೇ? ಐಫೋನಿಗೆ ಆ್ಯಪ್ ಮಾಡುವವರಿಗೆ ಬೇಕು. ಅಂಥ ಆ್ಯಪ್ ಕಟ್ಟುವ ಆಪಲ್‌ನ ಉಪಕರಣ ಎಕ್ಸ್‌ಕೋಡ್ ಓಡುವುದು ಮ್ಯಾಕ್‌ನಲ್ಲಿ ಮಾತ್ರ. ಫ್ಲಟರ್ ಎಂಬ ಉಪಕರಣದಲ್ಲಿ ಬರೆದರೆ ಒಂದೇ ಕೋಡು ಆಂಡ್ರಾಯ್ಡ್, ಐಫೋನ್ ಎರಡೂ ಕಡೆ ನಡೆಯುತ್ತದೆ, ವಿಂಡೋಸ್‌ನಲ್ಲಿ ಕುಳಿತೇ ಬರೆಯಬಹುದು. ಐಫೋನಿನ ಆವೃತ್ತಿಯನ್ನು ಕಟ್ಟುವ ಹೊತ್ತಿಗೆ ಮಾತ್ರ ಮ್ಯಾಕ್ ಬೇಕಾಗುತ್ತದೆ, ಅದು ಕ್ಲೌಡ್‌ನಲ್ಲಿ ಬಾಡಿಗೆಗೂ ಸಿಗುತ್ತದೆ. ಇದರ ಮೇಲೆ ಆ್ಯಪ್ ಪ್ರಕಟಿಸಲು ಆಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಬೇಕು, ಗೂಗಲ್ ಪ್ಲೇಗೆ ಒಂದೇ ಸಲ 25 ಡಾಲರ್. ನನ್ನ ಗಿರಾಕಿಗಳಲ್ಲಿ ಐಫೋನ್ ಇರುವುದು ಸಾಹುಕಾರರ ಮಕ್ಕಳ ಕೈಯಲ್ಲಿ, ಪಟ್ಟಿ ಬರೆಯುವ ಗುಮಾಸ್ತರ ಕೈಯಲ್ಲಲ್ಲ. ಆದ್ದರಿಂದ ನಾನು ಮ್ಯಾಕ್ ಕೊಂಡಿಲ್ಲ.

ಸರ್ವರಿನ ಕೆಲಸ ಮಾಡುವವರು ಲಿನಕ್ಸ್ ಕಲಿಯಲೇಬೇಕು, ಅದಕ್ಕಾಗಿ ವಿಂಡೋಸ್ ಬಿಡಬೇಕಿಲ್ಲ. ಡಬ್ಲ್ಯುಎಸ್ಎಲ್ ಹಾಕಿಕೊಂಡರೆ ವಿಂಡೋಸ್‌ನೊಳಗೇ ಉಬುಂಟು ಸಿಗುತ್ತದೆ. ಒಂದು ಎಚ್ಚರ: ಕಡತದ ಹೆಸರಿನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಂಬ ಭೇದವನ್ನು ವಿಂಡೋಸ್ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ತಿಂಗಳುಗಟ್ಟಲೆ ಓಡಿದ ಪುಟ ಸರ್ವರಿಗೆ ಏರಿಸಿದೊಡನೆ ಬೋಳಾಗಿ ನಿಂತಿತ್ತು. ತಪ್ಪು ಕಡತದ ಹೆಸರಿನ ಒಂದು ದೊಡ್ಡ 'ಎಚ್'. ಆ ಹಳೆಯ ಡೆಸ್ಕ್‌ಟಾಪ್ ನನ್ನ ಮೇಜಿಗೆ ಬಂದದ್ದು ಆ ವಾರವೇ. ನಿಮ್ಮ ಮನೆಯಲ್ಲಿಯೂ ವಿಂಡೋಸ್ 11ಕ್ಕೆ ಅರ್ಹವಲ್ಲ ಎನಿಸಿಕೊಂಡ ಯಂತ್ರ ಇರಬಹುದು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂದು ಅದನ್ನು ಗುಜರಿಗೆ ಹಾಕಬೇಡಿ. ಎಸ್‌ಎಸ್‌ಡಿ (ವೇಗದ ಡಿಸ್ಕ್) ಜೋಡಿಸಿ, ಹಗುರವಾದ ಲಿನಕ್ಸ್ ಹಾಕಿ. ಸಿ, ಪೈಥಾನ್, ಕೋಡಿನ ಬದಲಾವಣೆಗಳನ್ನು ಕಾದಿಡುವ ಗಿಟ್ ಕಲಿಯಲು ಅದು ಯಥೇಚ್ಛ.

ಇನ್ನು ಲ್ಯಾಪ್‌ಟಾಪಿನ ಲಕ್ಷಣ. ರ‍್ಯಾಮ್ 16 ಜಿಬಿ ಇರಲಿ. 8ರಲ್ಲಿ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ, ಎಮ್ಯುಲೇಟರ್ (ಪರದೆಯೊಳಗಿನ ನಕಲಿ ಫೋನು), ಬ್ರೌಸರ್ ಮೂರನ್ನೂ ತೆರೆದರೆ ಎತ್ತು ಕೆಸರಿನಲ್ಲಿ ಕುಸಿದ ಹಾಗೆ. ಈಗ ಹಣ ಸಾಲದಿದ್ದರೆ ರ‍್ಯಾಮ್ ಏರಿಸಲು ಖಾಲಿ ಸ್ಲಾಟ್ ಇದೆಯೇ ಎಂದು ಕೇಳಿ. ಈಗಿನ ಎಷ್ಟೋ ತೆಳು ಮಾದರಿಗಳಲ್ಲಿ ಅದನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ. ಗೇಮಿಂಗ್ ಕಾರ್ಡಿಗೆ ಹಣ ಸುರಿಯಬೇಡಿ. ನಮ್ಮೂರಿನ ಮೇ ತಿಂಗಳನ್ನು ಮಾತ್ರ ಮರೆಯಬೇಡಿ: ಉಷ್ಣಾಂಶ 42 ಡಿಗ್ರಿ ದಾಟಿದ ಮಧ್ಯಾಹ್ನ ಫ್ಯಾನ್ ಇಲ್ಲದ ಲ್ಯಾಪ್‌ಟಾಪ್ ತನ್ನನ್ನು ತಾನು ಕಾಪಾಡಿಕೊಳ್ಳಲು ನಿಧಾನವಾಗುತ್ತದೆ, ಫ್ಯಾನ್ ಇರುವುದು ಮಿಲ್ಲಿನ ಬೇಳೆಯ ಧೂಳನ್ನು ಎಳೆದುಕೊಂಡು ಉಸಿರುಗಟ್ಟುತ್ತದೆ. ನಾನು ಫ್ಯಾನ್ ಇರುವುದನ್ನೇ ಕೊಂಡು ಆರು ತಿಂಗಳಿಗೊಮ್ಮೆ ತೆರೆಸಿ ಊದಿಸುತ್ತೇನೆ. ಡೆಸ್ಕ್‌ಟಾಪ್ ಕೊಳ್ಳುವವರು ಯುಪಿಎಸ್ ಬೆಲೆಯನ್ನೂ ಅದಕ್ಕೇ ಸೇರಿಸಿ ಲೆಕ್ಕ ಹಾಕಿ. ರಿಪೇರಿ ಊರಿನಲ್ಲೇ ಆಗುತ್ತದೆಯೇ, ಹೈದರಾಬಾದಿಗೆ ಕಳುಹಿಸುತ್ತಾರೆಯೇ ಎಂದು ಬಿಲ್ ಮಾಡಿಸುವ ಮೊದಲೇ ಕೇಳಿ.

ಕೊನೆಯದಾಗಿ ಫೋನು. ಕಳೆದ ಸಲ ಬಂದಿದ್ದ ತಂದೆ ಹೊಸ ಫೋನ್ ತೆಗೆದುಕೊಂಡು ಹಳೆಯದನ್ನು ಅದಲು-ಬದಲಿಗೆ ಕೊಡುವವರಿದ್ದರು. 'ಕಾಕಾ, ಅದನ್ನು ಇವನಿಗೇ ಕೊಡಿ' ಎಂದೆ. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ತೆರೆದು ಬಿಲ್ಡ್ ನಂಬರನ್ನು ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಚಾಲೂ ಮಾಡಿ ಕೇಬಲ್ ಹಾಕಿದರೆ ಎಮ್ಯುಲೇಟರಿನ ಹಂಗಿಲ್ಲದೆ ಆ್ಯಪ್ ನೇರವಾಗಿ ಫೋನಿನಲ್ಲಿ ಓಡುತ್ತದೆ. ಗಂಜಿನ ಗುಮಾಸ್ತರ ಕೈಯಲ್ಲಿರುವುದೂ ಅಂಥದೇ ಫೋನು. ಹುಡುಗ ನನ್ನ ಮುಂದೆಯೇ ಎಣಿಸುತ್ತ ಒತ್ತತೊಡಗಿದ. ತಂದೆ ಬಗ್ಗಿ ನೋಡುತ್ತಿದ್ದವರು ಐದಕ್ಕೆ ಬಂದಾಗ ತಡೆದರು: 'ತಾಳು, ಮೊದಲು ನನ್ನ ಸಿಮ್ ತೆಗೆದುಕೊಡು.'