ಉಪ್ಪುಗಾಳಿಯ ಊರಲ್ಲಿ ಅಗ್ಗದ ಕಾರ್ಬನ್: ನನ್ನ ಅನುಭವ

ಕಳೆದ ಭಾನುವಾರ ಸೈಕಲ್‌ನಲ್ಲಿ ಸುರತ್ಕಲ್‌ನಿಂದ ಕಾಪು ದೀಪಸ್ತಂಭದವರೆಗೆ ಹೋಗಿ ಬಂದೆ. ಮನೆಗೆ ಬಂದು ಸೀಟ್ ಪೋಸ್ಟಿನ, ಅಂದರೆ ಸೀಟು ಹೊತ್ತ ಕೊಳವೆಯ, ಬೋಲ್ಟ್ ಸಡಿಲಿಸಿ ಎಳೆದೆ. ಒಂದೇ ಕೈಗೆ ಬಂತು. ಇದರಲ್ಲೇನು ವಿಶೇಷ ಅಂತ ಬೆಂಗಳೂರಿನವರು ಕೇಳಬಹುದು. ನಮ್ಮಲ್ಲಿ ಗೇಟಿನ ಬೀಗವೇ ಎರಡು ಮಳೆಗಾಲ ಬಾಳುವುದಿಲ್ಲ. ಅಲ್ಯೂಮಿನಿಯಂ ಫ್ರೇಮಿನೊಳಗೆ ಎರಡು ಮಳೆಗಾಲ ಕಳೆದ ಚೀನಾದ ಕಾರ್ಬನ್ ಫೈಬರ್ ಪೋಸ್ಟ್ ಹೀಗೆ ಬರುತ್ತದೆ ಅಂದರೆ ಅದು ದೊಡ್ಡದೇ. ಅದಕ್ಕೇ ಬರೆಯಲು ಕೂತೆ.

ಶುರುವಿನಲ್ಲಿ ನಮ್ಮ ಭಾನುವಾರದ ಗುಂಪಿನಲ್ಲಿ ಈ ಅಗ್ಗದ ಕಾರ್ಬನ್ ಸಾಮಾನನ್ನು ಒಬ್ಬರೂ ಒಪ್ಪಿರಲಿಲ್ಲ. "ಎಂತ ಮಾರಾಯ, ಕೂಳೂರು ಸೇತುವೆಯ ಗುಂಡಿಗೆ ಬಿದ್ದರೆ ಹ್ಯಾಂಡಲ್ ಕೈಯಲ್ಲಿ ಬರ್ತದೆ" ಅಂತಿದ್ದರು. ಅವರ ಹೆದರಿಕೆ ಸುಳ್ಳಲ್ಲ. ಮೊದಲ ಎರಡು ವರ್ಷ ನಾನು ಮಾಡಿದ್ದೆಲ್ಲ ಅವರ ಮಾತನ್ನೇ ನಿಜ ಮಾಡುವ ಹಾಗಿತ್ತು.

2019ರಲ್ಲಿ ಮೊದಲ ಪಾರ್ಸೆಲ್ ತರಿಸಿದೆ. ಹೆಸರಿಲ್ಲದ, 27.2 ಮಿ.ಮೀ. ದಪ್ಪದ ಸೀಟ್ ಪೋಸ್ಟ್, ನೀರಿನ ಬಾಟಲಿ ಹಿಡಿಯುವ ಎರಡು ಬಾಟಲ್ ಕೇಜ್. ಸಾಮಾನಿಗೆ ಸುಮಾರು 3,000 ರೂಪಾಯಿ. ಆಗ ವೈಯಕ್ತಿಕ ಬಳಕೆಯ ಆಮದಿಗೂ ದೊಡ್ಡ ಸುಂಕ ಬೀಳುತ್ತಿತ್ತು, ನನಗೆ ಗೊತ್ತಿರಲಿಲ್ಲ. ಕೊರಿಯರ್‌ನವರ ಶುಲ್ಕವೂ ಸೇರಿ ಇನ್ನೊಂದು 2,800 ಹೋಯಿತು. 2020ರ ನವೆಂಬರ್‌ನಲ್ಲಿ ಚೀನಾದ ಆನ್‌ಲೈನ್ ಅಂಗಡಿ ಅಲಿಎಕ್ಸ್‌ಪ್ರೆಸ್ ಇಲ್ಲಿ ಬಂದ್ ಆದ ಮೇಲೆ ಆ ದಾರಿಯೂ ಮುಚ್ಚಿತು. ಆಮೇಲೆ ನಮ್ಮೂರಿನ ಎಲ್ಲರ ದಾರಿಯೇ ನನ್ನದೂ ಆಯಿತು. ಚಿಕ್ಕಮ್ಮನ ಮಗ ಶಾರ್ಜಾದಲ್ಲಿದ್ದಾನೆ. ಸಾಮಾನು ಅವನ ವಿಳಾಸಕ್ಕೆ ಹೋಗುತ್ತದೆ, ರಜೆಗೆ ಬರುವಾಗ ಅವನು ಬ್ಯಾಗಿನಲ್ಲಿ ತರುತ್ತಾನೆ. ಬಿಲ್ಲು ಜೊತೆಯಲ್ಲೇ ಇರಬೇಕು, ಸುಂಕದವರು ಕೇಳಿದರೆ ತೋರಿಸಬೇಕು. ಇದರಲ್ಲಿ ಆಟ ಆಡಬೇಡಿ. ಆಗ 50,000 ರೂಪಾಯಿವರೆಗಿನ ಸಾಮಾನಿಗೆ ವಿನಾಯಿತಿ ಇತ್ತು, ನಾನು ಅದರೊಳಗೇ ಇದ್ದೆ.

ಆ ಮೊದಲ ಪೋಸ್ಟಿನ ಕಥೆ ಹೇಳಲೇಬೇಕು. ಪೇಸ್ಟ್ ಏನೂ ಹಚ್ಚದೆ ಹಾಗೇ ಹಾಕಿದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಟ್ಟಲಿಲ್ಲ. ಅಕ್ಟೋಬರ್‌ನಲ್ಲಿ ಎತ್ತರ ಸರಿ ಮಾಡಲು ಹೋದರೆ ಕಲ್ಲಿನ ಹಾಗೆ ಕೂತಿದೆ. ಕಾರ್ಬನ್, ಅಲ್ಯೂಮಿನಿಯಂ, ಮಧ್ಯೆ ಉಪ್ಪುನೀರು: ಈ ಮೂರು ಸೇರಿದರೆ ಬ್ಯಾಟರಿಯೇ ಆಯಿತು. ಸವೆಯುವುದು ಅಲ್ಯೂಮಿನಿಯಂ. ಅದರ ಬಿಳಿ ಪುಡಿ ಊದಿಕೊಂಡು ಪೋಸ್ಟನ್ನು ಹಿಡಿದುಬಿಡುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಮೂರು ದಿನ ಕಾದೆ. ಏನೂ ಆಗಲಿಲ್ಲ. ಪೋಸ್ಟಿನ ತಲೆಯನ್ನು ವೈಸ್‌ಗೆ ಕೊಟ್ಟು ಫ್ರೇಮನ್ನೇ ತಿರುಗಿಸಿದೆ. ಪಟ್ ಅಂತ ತಲೆ ಕಿತ್ತು ಬಂತು, ಉಳಿದದ್ದು ಒಳಗೇ ಉಳಿಯಿತು. ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ, ಒಳಗಿನಿಂದ ಸೀಳಿ ಸೀಳಿ ತೆಗೆಯಲು ಎರಡು ಭಾನುವಾರ ಹಿಡಿಯಿತು. ಕಾರ್ಬನ್ ಕೊಯ್ಯುವಾಗ ಮಾಸ್ಕ್ ಹಾಕಿ, ನೀರು ಬಿಡುತ್ತಾ ಕೊಯ್ಯಿರಿ. ಆ ಪುಡಿ ಎದೆಗೆ ಹೋಗಬಾರದು.

ಬಿಸಿನೀರಿನ ಉಪಾಯ ಹೊಳೆದದ್ದು ಮುಂದಿನ ಸಲ, ಗುಂಪಿನ ಒಬ್ಬರ ಸೈಕಲ್ ಹೀಗೇ ಹಿಡಿದಾಗ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗುತ್ತದೆ, ಕಾರ್ಬನ್ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಹಾಗಾಗಿ ಪೋಸ್ಟ್ ಕೂರುವ ಫ್ರೇಮಿನ ಸೀಟ್ ಟ್ಯೂಬಿಗೆ ಬಟ್ಟೆ ಸುತ್ತಿ, ಸ್ನಾನದ ಹಂಡೆಯ ಬಿಸಿನೀರು ಸುರಿಯುತ್ತಾ ಇಬ್ಬರು ಹಿಡಿದು ತಿರುಗಿಸಿದೆವು. ಹತ್ತು ನಿಮಿಷದಲ್ಲಿ ಬಂತು! ಬೆಂಕಿ, ಹೀಟ್ ಗನ್ ಬೇಡ. ಕಾರ್ಬನ್ ನಾರನ್ನು ಹಿಡಿದಿಟ್ಟ ಅಂಟು, ಅಂದರೆ ರೆಸಿನ್, ಮೆತ್ತಗಾಗುತ್ತದೆ, ಬಣ್ಣವೂ ಹೋಗುತ್ತದೆ.

ಎರಡನೇ ಪೆಟ್ಟು ಹ್ಯಾಂಡಲ್ ಬಾರ್. ಇಟಲಿಯ ದೊಡ್ಡ ಹೆಸರಿನ ಸ್ಟಿಕ್ಕರ್ ಇತ್ತು, 4,200 ರೂಪಾಯಿಗೆ ಸಿಕ್ಕಿತು. ಅಸಲಿ ಅಲ್ಲ ಅಂತ ಗೊತ್ತಿತ್ತು, ಆದರೂ ಗಟ್ಟಿ ಇರಬಹುದು ಅಂದುಕೊಂಡೆ. ತಕ್ಕಡಿಗೆ ಇಟ್ಟರೆ 170 ಗ್ರಾಂ ಹತ್ತಿರ. ಅಷ್ಟು ಹಗುರ ಕಂಡಾಗಲೇ ಖುಷಿ ಬದಲು ಅನುಮಾನ ಬಂತು. ಹ್ಯಾಂಡಲ್ ಬಾರನ್ನು ಸೈಕಲ್‌ಗೆ ಜೋಡಿಸುವ ಸ್ಟೆಮ್ ಹಳೆಯದೊಂದಿತ್ತು, ಅದಕ್ಕೆ ಬಿಗಿದು, ಸ್ಟೆಮ್ಮನ್ನು ವೈಸ್‌ಗೆ ಕೊಟ್ಟು, ಬ್ರೇಕ್ ಲಿವರ್ ಕೂರುವ ಜಾಗಕ್ಕೆ ಒಂದು 25 ಕಿಲೋ ಕುಚಲಕ್ಕಿ ಮೂಟೆ ತೂಗಿಸಿದೆ. ತಡೆಯಿತು. ಎರಡನೇ ಮೂಟೆ ಕಟ್ಟಿದಾಗ ಬಾಗುವಿನಲ್ಲಿ ಟಿಕ್ ಟಿಕ್ ಅಂತ ಸದ್ದು. ಬಿಚ್ಚಿ ಉದ್ದಕ್ಕೆ ಸೀಳಿ ನೋಡಿದೆ. ಬಾಗುವಿನೊಳಗೆ ಕಾರ್ಬನ್ ಬಟ್ಟೆ ಸುಕ್ಕುಗಟ್ಟಿತ್ತು. ಒಂದು ಕಡೆ ರೆಸಿನ್ ಗಂಟು ಗಂಟಾಗಿತ್ತು, ಇನ್ನೊಂದು ಕಡೆ ಉಗುರಿನಷ್ಟು ದಪ್ಪವೂ ಇರಲಿಲ್ಲ. ಅದರ ಮೇಲೆ ಆಗುಂಬೆಯ ಹದಿನಾಲ್ಕು ತಿರುವು ಇಳಿದಿದ್ದರೆ ಅಂತ ಈಗಲೂ ಮೈ ಜುಂ ಅನ್ನುತ್ತದೆ. ಆ 4,200 ಹೋದದ್ದಕ್ಕೆ ನನಗೆ ಬೇಸರವಿಲ್ಲ.

ಅಲ್ಲಿಂದ ನನ್ನ ಲೆಕ್ಕ ಬದಲಾಯಿತು. ದೊಡ್ಡ ಬ್ರ್ಯಾಂಡಿನ ಸ್ಟಿಕ್ಕರ್ ಇರುವ ಅಗ್ಗದ ಸಾಮಾನನ್ನು ಮುಟ್ಟುವುದೇ ಇಲ್ಲ. ಸ್ಟಿಕ್ಕರ್‌ನಲ್ಲೇ ಸುಳ್ಳು ಹೇಳಿದವನು ಒಳಗಿನ ಪದರದಲ್ಲಿ ನಿಜ ಹೇಳುತ್ತಾನಾ? ಚೀನಾದ ಶಿಯಾಮೆನ್, ಡಾಂಗ್‌ಗುವಾನ್ ಕಡೆಯ ಕಾರ್ಖಾನೆಗಳು ತಮ್ಮದೇ ಹೆಸರಲ್ಲಿ ಮಾರುವುದನ್ನು ಹುಡುಕುತ್ತೇನೆ. ಸೈಕಲ್ ಸುರಕ್ಷತೆಯ ಐಎಸ್ಒ 4210 ಪರೀಕ್ಷೆಯ ವರದಿ ಕೇಳುತ್ತೇನೆ. ಕೇಳಿದ ದಿನವೇ ಕಳಿಸಿದವರು ಇದ್ದಾರೆ, ಮಾತು ತೇಲಿಸಿದವರೂ ಇದ್ದಾರೆ. ಟಿ 800, ಟಿ 1000 ಅಂತ ನಾರಿನ ದರ್ಜೆ ಬರೆದದ್ದನ್ನು ನೋಡುವುದಿಲ್ಲ. ಮೇಲೆ ಕಾಣುವ ಚೌಕಳಿ ನೇಯ್ಗೆ ಬರೀ ಅಂದಕ್ಕೆ. ಒಂದೇ ಮಾದರಿಯಲ್ಲಿ ಎರಡು ತೂಕ ಇದ್ದರೆ ಭಾರದ್ದನ್ನೇ ತೆಗೆದುಕೊಳ್ಳುತ್ತೇನೆ. ಈಗಿನ ಬಾರ್ 225 ಗ್ರಾಂ, ಬೆಲೆ ಸುಮಾರು 3,800. ಎರಡೂ ಕಡೆ ಎರಡೆರಡು ಮೂಟೆ ತೂಗಿಸಿ ಒಂದು ರಾತ್ರಿ ಬಿಟ್ಟಿದ್ದೆ. ಬೆಳಿಗ್ಗೆ ನಾಣ್ಯದಿಂದ ತಟ್ಟಿದರೆ ಎಲ್ಲ ಕಡೆ ಒಂದೇ ಸದ್ದು. ಯಾರಿಂದ ತರಿಸುತ್ತೇನೆ ಅಂತ ಮಾತ್ರ ಕೇಳಬೇಡಿ. ಚಿಕ್ಕ ಕಾರ್ಖಾನೆ, ಅವರೊಂದಿಗೆ ನಾಲ್ಕು ವರ್ಷ ಮಾತಾಡಿ ಕಟ್ಟಿಕೊಂಡ ನಂಬಿಕೆ ಅದು.

ಸ್ಯಾಡಲ್‌ನಲ್ಲೂ ಒಂದು ಪಾಠ. 130 ಗ್ರಾಂ, 3,200 ರೂಪಾಯಿ, ನೋಡಲೂ ಚಂದ. ಕೂರಿಸಲು ಹೋದರೆ ಸೀಟಿನಡಿಯ ಕಂಬಿ, ಅಂದರೆ ಕಾರ್ಬನ್ ರೈಲ್, 7 ಮಿ.ಮೀ. ಅಗಲ, 9 ಮಿ.ಮೀ. ಎತ್ತರದ ಮೊಟ್ಟೆಯಾಕಾರ. ನನ್ನ ಪೋಸ್ಟಿನದು ಪಕ್ಕದಿಂದ ಹಿಡಿಯುವ ಕ್ಲ್ಯಾಂಪ್, 7ರ ಗುಂಡು ರೈಲಿಗೆ ಮಾಡಿದ್ದು. ಬಿಗಿ ಮಾಡಿದ್ದರೆ ರೈಲ್ ಜಜ್ಜಿಹೋಗುತ್ತಿತ್ತು. ಸರಿಯಾದ ಕ್ಲ್ಯಾಂಪ್ ಬರಲು ಐದು ತಿಂಗಳು ಕಾದೆ, ಯಾಕೆಂದರೆ ಶಾರ್ಜಾದ ತಮ್ಮ ರಜೆಗೆ ಬರಬೇಕಲ್ವಾ.

ಈ ನಡುವೆ ಒಂದು ಬಾಟಲ್ ಕೇಜ್ ಮುರಿಯಿತು. ಸುಮ್ನೆ ಎಸೆಯುವ ಬದಲು ಪ್ರಯೋಗ ಮಾಡೋಣ ಅಂತ ಮಲ್ಪೆಗೆ ಒಯ್ದೆ. ಅಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರೊಬ್ಬರು ಚೆಂದಕ್ಕೆ ತೇಪೆ ಹಾಕಿಕೊಟ್ಟರು. ಅವರ ಕೈಕೆಲಸ ನೋಡುವುದೇ ಒಂದು ಸಂತೋಷ. ಆದರೆ ಅದು ಪಾಲಿಯೆಸ್ಟರ್ ರೆಸಿನ್. ದೋಣಿಗೆ ಸರಿ, ಆದರೆ ಕೇಜಿನದು ಎಪಾಕ್ಸಿ ಅನ್ನುವ ಬೇರೆ ರೆಸಿನ್, ಗಟ್ಟಿಯಾದ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಕಚ್ಚುವುದಿಲ್ಲ. ವಾರದಲ್ಲಿ ಪದರವಾಗಿ ಎದ್ದಿತು. ಆಮೇಲೆ ನಾನೇ ಮರಳುಕಾಗದದಲ್ಲಿ ಉಜ್ಜಿ, ಎಪಾಕ್ಸಿ ಮತ್ತು ಕಾರ್ಬನ್ ಪಟ್ಟಿ ಸುತ್ತಿದೆ. ಈಗಲೂ ಬಾಟಲಿ ಹಿಡಿದಿದೆ. ಕೇಜಿಗೆ ಮಾಡಿದೆ ಅಂತ ಹ್ಯಾಂಡಲಿಗೆ ಮಾತ್ರ ಹೀಗೆ ತೇಪೆ ಹಾಕಬೇಡಿ.

ಜಾಸ್ತಿ ದುಡ್ಡು ಹಾಕಿದ್ದು ಚಕ್ರಕ್ಕೆ. 2023ರಲ್ಲಿ, 50 ಮಿ.ಮೀ. ಆಳದ ರಿಮ್, ಡಿಸ್ಕ್ ಬ್ರೇಕ್. ಮನೆಗೆ ಬಂದು ಸೇರುವಾಗ ಸುಮಾರು 32,000. ಹೆಸರಿನ ಕಂಪನಿಯದ್ದಾದರೆ ಲಕ್ಷ ದಾಟುತ್ತಿತ್ತು. ರಿಮ್ ಬ್ರೇಕಿನ ಕಾರ್ಬನ್ ನಮ್ಮ ಕರಾವಳಿಗೆ ಬೇಡವೇ ಬೇಡ. ಮಳೆಯಲ್ಲಿ ಹಿಡಿಯುವುದಿಲ್ಲ, ಘಾಟಿ ಇಳಿಯುವಾಗ ಕಾದು ರಿಮ್ಮೇ ಊದಿಕೊಳ್ಳುತ್ತದೆ. ಆರ್ಡರ್ ಕೊಡುವಾಗ ಒಂದೇ ಹಠ ಹಿಡಿದೆ: ಚಕ್ರದ ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ ಹಿತ್ತಾಳೆಯದೇ ಬೇಕು. ಅಲ್ಯೂಮಿನಿಯಂ ಹಾಕಿದರೆ 30 ಗ್ರಾಂ ಉಳಿಯುತ್ತದೆ ಅಂತ ಅವರು ಎರಡು ಸಲ ಹೇಳಿದರು. ಕಾರ್ಬನ್ ರಿಮ್ಮಿನೊಳಗೆ, ಈ ಉಪ್ಪಿನಲ್ಲಿ ಅದು ಪುಡಿಯಾಗುತ್ತದೆ ಅಂತ ನನ್ನ ಸೀಟ್ ಪೋಸ್ಟೇ ಕಲಿಸಿತ್ತು. ಎರಡು ಮಳೆಗಾಲ, ಹತ್ತಿರ ಹತ್ತಿರ 9,000 ಕಿಲೋಮೀಟರ್ ಆಯಿತು. ಒಂದು ನಿಪ್ಪಲ್ ಕೂಡ ಒಡೆದಿಲ್ಲ. ಹಿಂದಿನ ಚಕ್ರವನ್ನು ಒಂದೇ ಸಲ ಟ್ರೂ ಮಾಡಿಸಿದ್ದೇನೆ, ಅಂದರೆ ಡೊಂಕು ತೆಗೆಸಿದ್ದೇನೆ.

ಒಟ್ಟು 800 ಗ್ರಾಂ ಮೇಲೆ ಇಳಿದಿದೆ, ಅರ್ಧದಷ್ಟು ಚಕ್ರದಲ್ಲೇ. ಖರ್ಚು ಸುಮಾರು 43,000. ಕಲಿಯಲು ಹಾಳಾದದ್ದು ಬೇರೆ 11,000 ಇರಬಹುದು. ಸ್ಟೆಮ್ ಮತ್ತು ಫೋರ್ಕ್ ಬದಲಿಸಿಲ್ಲ, ಬದಲಿಸುವುದೂ ಇಲ್ಲ. ಅಲ್ಲಿ ಉಳಿಯುವ ಗ್ರಾಂ ಕಡಿಮೆ, ಮುರಿದರೆ ಮುಖವೇ ನೆಲಕ್ಕೆ.

ಪೋಸ್ಟಿಗೆ ಈಗ ಮಾಡುವುದು ಇಷ್ಟು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಉಳಿದಂತೆ ಮೂರು ತಿಂಗಳಿಗೊಮ್ಮೆ ಹೊರಗೆ ತೆಗೆಯುತ್ತೇನೆ. ಒರೆಸಿ, ಜಾರದ ಹಾಗೆ ಹಿಡಿಯುವ ಕಾರ್ಬನ್ ಪೇಸ್ಟ್ ಹಚ್ಚಿ, ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ 5 ನ್ಯೂಟನ್ ಮೀಟರ್‌ಗೆ ನಿಲ್ಲಿಸುತ್ತೇನೆ. ಕ್ಲ್ಯಾಂಪಿನ ಮೇಲೆ ಟಯರಿನೊಳಗಿನ ಹಳೆಯ ರಬ್ಬರ್ ಟ್ಯೂಬಿನ ಒಂದು ತುಂಡು ಏರಿಸಿದರೆ ಚಕ್ರ ಎರಚುವ ನೀರು ಒಳಗಿಳಿಯುವುದಿಲ್ಲ. ಫ್ರೇಮಿನ ಒಳಮೈಗೆ ಇನ್ನೊಂದು ಹಚ್ಚುತ್ತೇನೆ, ನಮ್ಮ ಮೀನುಗಾರಿಕೆ ದೋಣಿಯವರಿಂದ ಕಲಿತದ್ದು. ಅದನ್ನು ಇನ್ನೊಂದು ಮಳೆಗಾಲ ನೋಡಿಯೇ ಹೇಳುತ್ತೇನೆ.

ಹ್ಯಾಂಡಲ್ ಕೈಯಲ್ಲಿ ಬರ್ತದೆ ಅಂದಿದ್ದವರು ಮೊನ್ನೆ ಪಡುಬಿದ್ರಿಯಲ್ಲಿ ಬನ್ಸ್ ತಿನ್ನುತ್ತಾ ನನ್ನ ಬಾರನ್ನು ತಟ್ಟಿ ನೋಡಿದರು. ಅವರ ಫ್ರೇಮಿಗೆ 31.6ರ ಪೋಸ್ಟ್ ಬೇಕಂತೆ. ಶಾರ್ಜಾದ ತಮ್ಮ ಡಿಸೆಂಬರ್‌ನಲ್ಲಿ ಬರುತ್ತಾನೆ, ಹೇಳಿಟ್ಟಿದ್ದೇನೆ.