ಪಟ್ಟಿಯ ನಡುವೆ ಚೀಟಿ ಸೇರಿಸಿದ ನನ್ನ ಅನುಭವ

ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಗೆ ಮೆಕ್ಕೆಜೋಳದ ಲಾಟ್ ಲೆಕ್ಕ ಇಡುವ ಪ್ರೋಗ್ರಾಂ ಬರೆದೆ. 18 ಸಾವಿರಕ್ಕೆ ಮಾತಾಗಿತ್ತು. ಹಳೇ ಲೆಕ್ಕ ಸುಮಾರು 1.5 ಲಕ್ಷ ಸಾಲು, ತಾರೀಖು ಮತ್ತು ಲಾಟ್ ನಂಬರಿನ ಕ್ರಮದಲ್ಲಿ ಜಾವಾ ಅನ್ನೋ ಪ್ರೋಗ್ರಾಂ ಭಾಷೆಯ ಅರೇಲಿಸ್ಟಲ್ಲಿ, ಅಂದರೆ ಒಂದರ ಪಕ್ಕ ಒಂದು ಒತ್ತಾಗಿ ಕೂರುವ ಪಟ್ಟಿಯಲ್ಲಿ, ಕೂತಿತ್ತು. ಆಮೇಲೆ ಗೋಣಿಚೀಲದಲ್ಲಿ ಇನ್ನೂ 40 ಸಾವಿರ ಚೀಟಿ ಸಿಕ್ಕವು. ಒಂದೊಂದೂ ತನ್ನ ಜಾಗಕ್ಕೇ ಹೋಗಬೇಕು.

"ನಡುವೆ ಒಂದು ಸೇರಿಸಿದ್ರೆ ಮುಂದಿನದೆಲ್ಲ ಒಂದೊಂದು ಮನೆ ಸರೀಬೇಕು ಕಣೋ, ಆಗದ ಕೆಲಸ. ಲಿಂಕ್ಡ್‌ಲಿಸ್ಟ್ ಹಾಕು" ಅಂತ ಗೆಳೆಯರೆಲ್ಲ ಹೇಳಿದರು. ಅದು ಸಾಲುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಪಟ್ಟಿ, ನಡುವೆ ಸೇರಿಸಿದರೂ ಉಳಿದವು ಸರಿಯಬೇಕಿಲ್ಲ.

ನನ್ನ ಮೊದಲ ಪ್ರೋಗ್ರಾಂ ಅಂಗಡಿಯ ಹಳೇ ಕಂಪ್ಯೂಟರಲ್ಲಿ 5 ನಿಮಿಷ ತಗೊಂಡಿತು. ರ್‍ಯಾಮ್ ಸಾಲದು ಅಂದುಕೊಂಡು 2,200 ರೂಪಾಯಿ ಕೊಟ್ಟು ಹಾಕಿಸಿದೆ. ಒಂದು ಸೆಕೆಂಡೂ ಇಳಿಯಲಿಲ್ಲ. ಲಿಂಕ್ಡ್‌ಲಿಸ್ಟ್‌ಗೆ ಬದಲಾಯಿಸಿದೆ. ಊಟ ಮುಗಿಸಿ ಬಂದರೂ ಓಡುತ್ತಲೇ ಇತ್ತು. ಇಂಡೆಕ್ಸ್, ಅಂದರೆ ಸೊನ್ನೆಯಿಂದ ಎಣಿಸಿದ ಜಾಗದ ಸಂಖ್ಯೆ, ಕೊಟ್ಟು ಕೇಳಿದಾಗಲೆಲ್ಲ ಅದು ತುದಿಯಿಂದ ಕೊಂಡಿ ಹಿಡಿದು ನಡೆದು ಬರಬೇಕು, ಅಲ್ವಾ?

ಆಗ ಸಮಯ ಎಲ್ಲಿ ಹೋಗುತ್ತಿದೆ ಅಂತ ಅಳೆದೆ. ಸರಿಸುವುದಕ್ಕಲ್ಲ, ಜಾಗ ಹುಡುಕುವುದಕ್ಕೇ ಹೋಗುತ್ತಿತ್ತು! ನಾನು ಪ್ರತಿ ಚೀಟಿಗೂ ಮೊದಲ ಸಾಲಿಂದ ಹೋಲಿಸುತ್ತಿದ್ದೆ. ಜಾವಾದ ಬೈನರಿ ಸರ್ಚ್ ಹಾಕಿದೆ, ಅದು ಪ್ರತಿ ಸಲ ನಡುವಿನ ಸಾಲು ನೋಡಿ ಅರ್ಧ ಪಟ್ಟಿ ಬಿಟ್ಟು ಹುಡುಕುತ್ತದೆ. ಸಿಗದಿದ್ದಾಗ ಅದು ಮೈನಸ್ ಸಂಖ್ಯೆ ಕೊಡುತ್ತದಲ್ಲ, ಅದರಲ್ಲೇ ಜಾಗ ಇದೆ. ಮೈನಸ್ 8 ಬಂದರೆ ಒಂದು ಕೂಡಿಸಿ ಚಿಹ್ನೆ ತೆಗೆಯಿರಿ, ಇಂಡೆಕ್ಸ್ 7. ಅದೇ ಅರೇಲಿಸ್ಟ್, ಅದೇ ಕಂಪ್ಯೂಟರ್, 4 ಸೆಕೆಂಡಲ್ಲಿ ಮುಗಿಯಿತು.

ಆದರೆ ಇನ್ನೊಂದು ಪೆಟ್ಟು ಬಾಕಿ ಇತ್ತು. ಇನ್ನೂ ಬೇಗ ಆಗಲಿ ಅಂತ ಎಲ್ಲ ಇಂಡೆಕ್ಸ್‌ಗಳನ್ನೂ ಮೊದಲೇ ಲೆಕ್ಕ ಹಾಕಿಟ್ಟು, ಚಿಕ್ಕ ಇಂಡೆಕ್ಸಿಂದ ದೊಡ್ಡದಕ್ಕೆ ಸೇರಿಸುತ್ತಾ ಹೋದೆ. "ಏನ್ರೀ ಇದು, ಜನವರಿ ಚೀಟಿ ಡಿಸೆಂಬರಲ್ಲಿ ಕೂತಿದೆ?" ಅಂದರು ಗುಮಾಸ್ತರು. ಒಂದು ಸೇರಿದರೆ ಮುಂದಿನ ಜಾಗಗಳೆಲ್ಲ ಒಂದೊಂದು ಸರಿಯುತ್ತವೆ. 200ನೇ ಚೀಟಿಗೆ 199 ಸಾಲು ತಪ್ಪು. ಸಾಹುಕಾರರು 5 ಸಾವಿರ ತಡೆಹಿಡಿದರು. ಎರಡು ರಾತ್ರಿ ನಿದ್ದೆ ಇಲ್ಲ. ಪರಿಹಾರ ಒಂದೇ ಸಾಲು: ದೊಡ್ಡ ಇಂಡೆಕ್ಸಿಂದ ಚಿಕ್ಕದಕ್ಕೆ, ಹಿಂದಿನಿಂದ ಸೇರಿಸುತ್ತಾ ಬನ್ನಿ. ಇನ್ನೂ ಸೇರಿಸಬೇಕಾದ ಚಿಕ್ಕ ಇಂಡೆಕ್ಸಿನ ಜಾಗಗಳು ಅಲುಗುವುದೇ ಇಲ್ಲ. ದುಡ್ಡು ಪೂರ್ತಿ ಬಂತು.

ಕೊನೆಗೆ ಚೀಟಿಗಳನ್ನೂ ಜೋಡಿಸಿಕೊಂಡು ಎರಡು ಪಟ್ಟಿಯನ್ನು ಹೊಸದೊಂದಕ್ಕೆ ಒಟ್ಟಿಗೆ ಹೆಣೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಒಂದೇ ತಾರೀಖು, ಒಂದೇ ಲಾಟ್ ನಂಬರ್ ಎರಡು ಸಲ ಬಂದರೆ ಯಾವುದು ಮುಂದೆ ಅನ್ನುವುದಕ್ಕೆ ನನ್ನದೊಂದು ಉಪಾಯ ಇದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಸುಮ್ನೆ ಒಂದು ಭಾನುವಾರ ಪೈಥಾನ್ ಅನ್ನೋ ಇನ್ನೊಂದು ಭಾಷೆಯಲ್ಲೂ ನೋಡಿದೆ. 5 ಸಾಲಿನ ಪಟ್ಟಿಗೆ 100ನೇ ಜಾಗದಲ್ಲಿ ಸೇರಿಸು ಅಂದರೆ ಮಾತಾಡದೆ ಕೊನೆಗೆ ಹಾಕುತ್ತದೆ. ಮೈನಸ್ 1 ಅಂದರೆ ಕೊನೆಯದಕ್ಕಿಂತ ಮೊದಲು ಹಾಕುತ್ತದೆ! ಜಾವಾ ಎರಡಕ್ಕೂ ಎರರ್ ಕೊಟ್ಟು ನಿಲ್ಲುತ್ತದೆ. 2,000 ಜಾಗ ಕಾದಿರಿಸಿದ ಖಾಲಿ ಪಟ್ಟಿಯ 10ನೇ ಜಾಗಕ್ಕೂ ಬಿಡಲಿಲ್ಲ, ಕಾದಿರಿಸಿದ್ದು ಬೇರೆ, ತುಂಬಿದ್ದು ಬೇರೆ. ರೈತರ ದುಡ್ಡಿನ ಲೆಕ್ಕಕ್ಕೆ ನನಗೆ ಹೀಗೆ ಹಟ ಮಾಡುವುದೇ ಇಷ್ಟ. ಈ ಹಂಗಾಮಿಗೆ ಪಕ್ಕದ ಅಂಗಡಿಯವರೂ ಕೇಳಿದ್ದಾರೆ, 25 ಸಾವಿರ ಹೇಳಿದ್ದೇನೆ.