ಹೊಲದ ದಂಡ್ಯಾಗ ಚಿಗರಿಗೆ ಒಂದೀಟು ಹುಲ್ಲು ಬೆಳಸೋದು ಹೆಂಗ?

ಮುಂಗಾರಿ ಹೆಸರು ಹುಟ್ಟಿ ನಾಕೆಲಿ ಆಗೋ ಹೊತ್ತಿಗೆ ನಮ್ಮ ರಾಣೆಬೆನ್ನೂರ ಕಡೆ ನಸುಕಿನ್ಯಾಗ ಹೊಲಕ್ಕ ಹೋದ್ರ ಸಾಲಿನ ತುಂಬ ಚಿಗರಿ, ಅಂದ್ರ ಕೃಷ್ಣಮೃಗದ ಗೊರಸು ಮೂಡಿರ್ತಾವು, ಕುಡಿ ಅಷ್ಟ ಚಿವುಟಿದಂಗ ತಿಂದು ಹೋಗಿರ್ತಾವು. ಸಿಟ್ಟು ಬರತೈತಿ, ಬರಬಾರ್ದು ಅಂತ ನಾ ಹೇಳಂಗಿಲ್ಲ, ಬೀಜ ಗೊಬ್ಬರದ ಸಾಲ ತೀರಿಸೋರು ನಾವ ಅಲ್ಲೇನ್ರಿ. ಆದ್ರ ಇಷ್ಟು ವರ್ಷ ಹೊಲ ಕಾಯ್ದ ಮ್ಯಾಲ ನನಗ ಅನಿಸಿದ್ದು ಏನಂದ್ರ, ಬರೇ ಹೋ ಅಂತ ಓಡಿಸಿದ್ರ ಅವು ಬಾಜೂ ಹೊಲಕ್ಕ ಹೋಗ್ತಾವು, ತಾಸು ಬಿಟ್ಟು ತಿರುಗಿ ಬರ್ತಾವು. ನಿಲ್ಲಾಕ ಒಂದು ಜಾಗ, ಮೇಯಾಕ ಒಂದೀಟು ಹುಲ್ಲು ಸಿಕ್ರ ಬೆಳಿ ಮ್ಯಾಲಿನ ಭಾರ ಪೂರ್ತಿ ಹೋಗದಿದ್ರೂ ಕಡಿಮಿ ಅಂತೂ ಆಗತೈತಿ.

ಶುರು ಮಾಡೂ ಮುಂಚೆ ಪ್ರಾಣಿ ಯಾವುದು ಅಂತ ತಿಳ್ಕೋರಿ. ಹುಬ್ಬಳ್ಳಿ-ಧಾರವಾಡದಾಗ ಬಸ್ಸಿಗೂ ಇದರ ಹೆಸರ ಇಟ್ಟಾರ, ಆದ್ರ ಭಾಳ ಮಂದಿ ಚಿಗರಿನೂ ಜಿಂಕಿನೂ ಒಂದ ಅಂತಾರ. ಜಿಂಕಿ ಗಂಡಿಗೆ ಕೊಂಬು ಉದುರಿ ಮತ್ತ ಬೆಳಿತಾವು, ಚಿಗರಿದು ತಿರುಚಿದ ಕೊಂಬು ಉದುರಂಗಿಲ್ಲ, ಜೀವ ಇರೋತನಕ ಅವ. ಇನ್ನೊಂದು ಫರಕು ನಮಗ ಮುಖ್ಯ: ಚಿಗರಿ ಬಯಲಿನ ಪ್ರಾಣಿ, ದೂರದಿಂದ ವೈರಿನ್ನ ನೋಡಿ ಓಡಿ ಜೀವ ಉಳಿಸಿಕೊಳ್ಳೋದು ಅದರ ದಾರಿ, ದಟ್ಟ ಗಿಡದಾಗ ಅದಕ್ಕ ನೆಮ್ಮದಿ ಇರಂಗಿಲ್ಲ. ರಾಣೆಬೆನ್ನೂರು ಅಭಯಾರಣ್ಯ ಆಗಿದ್ದು 1974ರಾಗ, 119 ಚದರ ಕಿಲೋಮೀಟರ್ ಐತಿ, ಆದ್ರ ಅದರಾಗ ಎಷ್ಟೋ ಕಡೆ ನೀಲಗಿರಿನ ನಿಂತೈತಿ, ನೀಲಗಿರಿ ಬುಡಕ್ಕ ಹುಲ್ಲು ಎಲ್ಲಿ ಬರಬೇಕು ಹೇಳ್ರಿ, ಹಿಂಗಾಗಿ ಅವು ನಮ್ಮ ಹೊಲಕ್ಕ ಇಳಿತಾವು. ಅದಕ್ಕ ನನ್ನ ಮೊದಲನೇ ಮಾತು, ಚಿಗರಿ ಮ್ಯಾಲಿನ ಪ್ರೀತಿಗೆ ಅಂತ ಗಿಡ ಹಚ್ಚಾಕ ಹೋಗಬ್ಯಾಡ್ರಿ. ಹುಲ್ಲು ಬಿಡ್ರಿ.

ಜಾಗ ಆರಿಸೋದು ಹೆಂಗ? ಬೆಳಿ ಸರಿ ಬರದ ಗರಸು ಮಸಾರಿ, ಹಳ್ಳದ ದಂಡಿ, ಬೀಳು ಬಿದ್ದ ಮೂಲಿ, ಇಂಥಾದ್ದು ಅರ್ಧ ಎಕರೆ ಇದ್ರೂ ನಡಿತೈತಿ, ರಸ್ತೆಕ್ಕ ಹತ್ರ ಮಾತ್ರ ಬ್ಯಾಡ, ಗಾಡಿಗೆ ಬಡಿತಾವು. ಬಾಜೂದ ಮೂರು ನಾಕು ಮಂದಿ ಕೂಡಿ ಒಂದಕ್ಕೊಂದು ಹತ್ತಿದಂಗ ಬಿಟ್ರ ಇನ್ನೂ ಚಲೋ. ಮೊದಲು ಅಲ್ಲಿರೋ ಬಳ್ಳಾರಿ ಜಾಲಿ ಬೇರು ಸಮೇತ ಕಿತ್ತು ಹಾಕ್ರಿ, ಬರೇ ಕಡದ್ರ ನಾಕು ಟೊಂಗಿ ಜಾಸ್ತಿ ಒಡಿತಾವು. ಚಿಗರಿ ಹಿಕ್ಕಿ ಒಣಗಿದ್ದು ಒಡದು ನೋಡ್ರಿ ಒಮ್ಮೆ, ಬ್ಯಾಸಗ್ಯಾಗ ಒಳಗ ಜಾಲಿ ಬೀಜ ಹಂಗ ಗಟ್ಟಿ ಸಿಗ್ತಾವು, ಕಾಯಿ ತಿಂದು ಅವ ಬಿತ್ತಿಕೋತ ಹೊಕ್ಕಾವು. ಕಾಂಗ್ರೆಸ್ ಕಸ ಹೂ ಬಿಡೂ ಮುಂಚೆ ಕೀಳಬೇಕು.

ಆಮ್ಯಾಗ ಬಿತ್ತನಿ. ಕರಿಕಿ ತಾನ ಬರತೈತಿ, ಅದನ್ನ ಮುಟ್ಟಬ್ಯಾಡ್ರಿ. ಅದರ ಜೋಡಿ ಅಂಜನ ಹುಲ್ಲು ಮತ್ತ ಸ್ಟೈಲೋ ಅನ್ನೋ ಮೇವು ಹಾಕ್ರಿ, ಸ್ಟೈಲೋ ದ್ವಿದಳ ಇರೋದಕ್ಕ ಅದರಾಗ ಪ್ರೋಟೀನ್ ಜಾಸ್ತಿ, ಹಾಲು ಕುಡಿಸೋ ಹೆಣ್ಣಿಗೆ ಅದು ಬೇಕು. ಎಕರೆಕ್ಕ ಎರಡರಿಂದ ಮೂರು ಕೆಜಿ ಬೀಜ ಸಾಕು, ಧಾರವಾಡದಾಗ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರ ಐತಿ, ಬೀಜದ ವಿಚಾರ ಅಲ್ಲಿ ಕೇಳ್ರಿ. ಅಂಜನದ ಬೀಜ ನವಿರು ನವಿರು, ಗಾಳಿಗೆ ಹಾರತೈತಿ, ಹಸಿ ಮಣ್ಣಾಗ ಕಲಸಿ ಚೆಲ್ಲಬೇಕು. ಸ್ಟೈಲೋ ಬೀಜದ ಸಿಪ್ಪಿ ಗಟ್ಟಿ, ಕುದಿಯೋ ನೀರಲ್ಲ, ಕೈ ಇಡಾಕ ಆಗದಷ್ಟು ಬಿಸಿ ನೀರಾಗ ನಾಕು ನಿಮಿಷ ಹಾಕಿ ತಗೀರಿ. ಒಂದು ಹದ ಮಳಿ ಆದ ಮ್ಯಾಲ ಮ್ಯಾಲಮ್ಯಾಲ ಚೆಲ್ಲಿ ಮುಳ್ಳಿನ ಟೊಂಗಿ ಎಳದ್ರ ಸಾಕು, ಆಳಕ್ಕ ಹೋದ್ರ ಹುಟ್ಟಂಗಿಲ್ಲ. ಮೊದಲನೇ ವರ್ಷ ದನ ಕುರಿ ಬಿಡಬ್ಯಾಡ್ರಿ.

ಒಂದು ತಪ್ಪು ಭಾಳ ಜನ ಮಾಡ್ತಾರ, ಪಾಪ ಅಂತ ಗೋವಿನಜೋಳ, ಅಕ್ಕಿ, ಉಳಿದ ಅನ್ನ ರಾಶಿ ಸುರವೋದು. ಮೆಲುಕು ಹಾಕೋ ಪ್ರಾಣಿಗೆ ಒಮ್ಮೆಲೆ ಕಾಳು ಜಾಸ್ತಿ ಆದ್ರ ಹೊಟ್ಟಿ ಹುಳಿಯೇರಿ ಸಾಯ್ತಾವು, ಹಸಿವಿಗಲ್ಲ, ನಮ್ಮ ಪ್ರೀತಿಗೆ. ಔಷಧ ಹಚ್ಚಿದ ಬೀಜ ಮಿಕ್ಕಿದ್ರ ಬದುವಿನ ಮ್ಯಾಲ ಬಿಡಬ್ಯಾಡ್ರಿ. ಮಳಿ ಕೈಕೊಟ್ಟು ಬಾಡಿದ ಎಳಿ ಜೋಳ ದನಕ್ಕ ಹಾಕಬಾರ್ದು, ವಿಷ ಆಗತೈತಿ ಅಂತ ಹಿರ್ಯಾರು ಹೇಳ್ತಾರಲ್ಲ, ಅದು ಇವಕ್ಕೂ ಅಷ್ಟ ಖರೆ, ಅದಕ್ಕ ಚಿಗರಿ ಹೆಸರಲೆ ಜೋಳ ಬಿತ್ತೋದು ಬ್ಯಾಡ.

ನೀರು. ಕೃಷಿ ಹೊಂಡಕ್ಕ ಹಾಸಿದ ಪ್ಲಾಸ್ಟಿಕ್ ಹಾಳಿ ಮ್ಯಾಲ ಗೊರಸು ನಿಲ್ಲಂಗಿಲ್ಲ ನೋಡ್ರಿ, ಇಳಿದದ್ದು ಮ್ಯಾಲ ಬರಾಕ ಆಗದ ಮುಳುಗಿ ಸಾಯತೈತಿ. ಸುತ್ತ ಬೇಲಿ ಇರಲಿ, ಅದಲ್ಲದ ಹೊಂಡದ ಒಂದು ಮೂಲಿಗೆ ಹಳೇ ಟೈರು ಹಗ್ಗಕ್ಕ ಪೋಣಿಸಿ ದಂಡಿಯಿಂದ ತಳದತನಕ ಇಳಿಬಿಡ್ರಿ, ಬಿದ್ದದ್ದು ಹತ್ತಿ ಬರತೈತಿ. ಕುಡಿಯಾಕ ಬ್ಯಾರೆ, ನೆಲಕ್ಕ ಸಮಾ ಇರೋ ತಗ್ಗು ತೊಟ್ಟಿ ಮಾಡಿ ವಾರಕ್ಕೊಮ್ಮೆ ತಿಕ್ಕಿ ತೊಳೀರಿ.

ಮರಿ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ. ಒಂದು ವರ್ಷ ಎಡಿ ಹೊಡಿಯುವಾಗ ಸಾಲಿನ ತುದಿಗೆ ಎತ್ತು ತಟ್ಟನ ನಿಂತ್ವು, ಏನು ಅಂತ ನೋಡಿದ್ರ ಬದುವಿನ ಹುಲ್ಲಾಗ ಒಂದು ಮರಿ, ಕುತ್ತಿಗಿ ನೆಲಕ್ಕ ಚಾಚಿ ಕಲ್ಲಿನಂಗ ಮಲಗೈತಿ, ನೊಣ ಕುಂತಾಗ ಕಿವಿ ಅಷ್ಟ ಒಮ್ಮೆ ಅಲುಗಿತು. ತಾಯಿ ಎಲ್ಲೂ ಕಾಣಲಿಲ್ಲ. ಹುಡುಗ ಎತ್ಕೊಂಡು ಮನಿಗೆ ಒಯ್ಯೋಣು ಅಂದ, ನಾ ಬ್ಯಾಡ ಅಂದೆ, ಎತ್ತು ಬಿಚ್ಚಿಕೊಂಡು ಆ ಕಡೆ ಹೋದ್ವಿ, ಸಂಜಿಕ ತಾಯಿ ಬಂದು ಮೊಲಿ ಕುಡಿಸಿತು. ಹುಟ್ಟಿದ ಮರಿನ್ನ ತಾಯಿ ಹಿಂಗ ಬಚ್ಚಿಟ್ಟು ದೂರ ಮೇಯತೈತಿ, ಅದು ತಬ್ಬಲಿ ಅಲ್ಲ. ಮರಿ ತಂದು ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಬ್ಯಾರೆ. ಬದುವಿಗೆ ಬೆಂಕಿ ಹಚ್ಚೋದನ್ನೂ ಇದಕ್ಕ ಬಿಡ್ರಿ ಅನ್ನೋದು.

ಮರಿಗೆ ದೊಡ್ಡ ಕಂಟಕ ಅಂದ್ರ ಬೀದಿ ನಾಯಿ ಹಿಂಡು, ಸತ್ತ ದನ, ಕೋಳಿ ಕಸ ಹೊಲದಾಗ ಒಗೀಬ್ಯಾಡ್ರಿ, ಅದರ ವಾಸನಿಗೆ ಬಂದು ಅಲ್ಲೇ ಠಿಕಾಣಿ ಹೂಡ್ತಾವು. ದನಕ್ಕ ಕಾಲುಬಾಯಿ ಬ್ಯಾನಿ, ಗಂಟಲು ಬ್ಯಾನಿ ಲಸಿಕಿ ತಪ್ಪಿಸಬ್ಯಾಡ್ರಿ, ಒಂದ ಹುಲ್ಲು ಒಂದ ನೀರು ಇದ್ದಲ್ಲಿ ರೋಗ ದಾಟತೈತಿ.

ಬೆಳಿ ಕಡೆ ಹಳೇ ಸೀರಿ ಕಟ್ರಿ, ಲೈನಿನ ಕರೆಂಟು ತಂತಿಗೆ ಬಿಡೋದು ಮಾತ್ರ ಎಂದೂ ಬ್ಯಾಡ, ಅದು ಮನಿಷ್ಯಾರನ್ನೂ ಬಿಡಂಗಿಲ್ಲ. ಲುಕ್ಸಾನ ಆದ್ರ ಅದೇ ದಿನ ಫೋಟೋ ತಗೊಂಡು ಪಹಣಿ ಜೋಡಿ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡ್ರಿ, ಗಾಯ ಆದ ಪ್ರಾಣಿ ಕಂಡ್ರ 1926ಕ್ಕ ಫೋನ್ ಹಚ್ಚರಿ.

ಸುಗ್ಗಿ ಮುಗಿದ ಮ್ಯಾಲ ಹುಲ್ಲು ಬೀಜ ಉದುರಿದ ನಂತರ ಅರ್ಧ ಕೊಯ್ದು ನಿಮ್ಮ ದನಕ್ಕ ಹಾಕ್ರಿ, ಅರ್ಧ ಹಂಗ ನಿಲ್ಲಿಸ್ರಿ, ಮುಂದಿನ ವರ್ಷ ಆ ಅರ್ಧ ಕೊಯ್ರಿ.